ಓದುಗರ ಪ್ರಶ್ನೆ: 60 ಐಟಮ್ಮಿನ ಕಿಟ್ ಬೇಡ, ಒಂದು ಜೊತೆ ಕಡ್ಡಿ ಸಾಕು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೆಣಿಗೆ ಈಗಷ್ಟೇ ಶುರು ಮಾಡಿರೋರದ್ದೇ, ಅದ್ರಲ್ಲೂ ಸಾಮಾನಿನ ಬಗ್ಗೆನೇ. ಹಂಗಾಗಿ ಡಿಸೈನ್ ಕೇಳಿರೋರು ಸ್ವಲ್ಪ ಕಾಯ್ಬೇಕು, ಈ ಸಂಚಿಕೆ ಪೂರ್ತಿ ಕಡ್ಡಿ, ಉಲ್ಲನ್ನು, ಟೇಪು, ಅದೂ ಇದೂ.

ಪ್ರಶ್ನೆ: ಮೇಡಂ, ನಂಗೆ ಹೆಣಿಗೆಯ ಗಂಧಗಾಳಿ ಇಲ್ಲ, ಈಗ ಕಲೀಬೇಕು ಅಂತ ಆಸೆ ಬಂದಿದೆ. ಆನ್‌ಲೈನಲ್ಲಿ 60 ಐಟಮ್ ಇರೋ ಬಿಗಿನರ್ ಕಿಟ್ ನೋಡ್ದೆ, ಎಲ್ಲಾ ಸೈಜಿನ ಕಡ್ಡಿ, ಕ್ಲಿಪ್ಪು, ಕೌಂಟರು, ಬಣ್ಣಬಣ್ಣದ ರಿಂಗು ಎಲ್ಲಾ ಇದೆ. ಒಂದೇ ಸಲ ಅದನ್ನ ತಗೊಂಡ್ಬಿಟ್ರೆ ಮುಗೀತಲ್ವಾ?

ಉತ್ತರ: ತಗೋಬೇಡಿ. ಆ ಕಿಟ್ಟಲ್ಲಿ ಹತ್ತಾರು ಸೈಜಿನ ಕಡ್ಡಿ ಇರತ್ತೆ ಸರಿ, ಆದ್ರೆ ಕಲಿಯೋ ಹೊತ್ತಲ್ಲಿ ನೀವು ಹಿಡಿಯೋದು ಒಂದೇ ಜೊತೆ, ಮಿಕ್ಕಿದ್ದು ಪೌಚಲ್ಲಿ ಹಂಗೇ ಬಿದ್ದಿರತ್ತೆ. ಇಂಥ ದೊಡ್ಡ ಕಿಟ್ಟಲ್ಲಿ ಕಡ್ಡಿಗಳ ತುದಿ ಒರಟಾಗಿರೋದು, ಬಣ್ಣ ಕಿತ್ತುಬರೋದು ಜಾಸ್ತಿ, ದಾರ ಅದಕ್ಕೆ ಸಿಕ್ಕಾಕೊಂಡು ಎಳೆ ಎದ್ದಾಗ ಪಾಪ ಕಲಿಯೋರು ತಮಗೇ ಬರ್ತಿಲ್ಲ ಅಂದ್ಕೋತಾರೆ. ಅದೇ ದುಡ್ಡಲ್ಲಿ ಒಂದು ಜೊತೆ ಒಳ್ಳೇ ಕಡ್ಡಿ, ಒಳ್ಳೇ ಉಲ್ಲನ್ ತಗೊಳ್ಳಿ, ಕೈಗೂ ಹಿತ ಕಣ್ಣಿಗೂ ಹಿತ.

ಬೇಕಾಗಿರೋದು ಇಷ್ಟೇ. 5 ಎಂಎಂ ದಪ್ಪದ ಕಡ್ಡಿ ಒಂದು ಜೊತೆ, ಅದಕ್ಕೆ ಹೊಂದೋ ಮಧ್ಯಮ ದಪ್ಪದ ಉಲ್ಲನ್ ದಾರ, ಅಂದ್ರೆ ಲೇಬಲ್ ಮೇಲೆ ವರ್ಸ್ಟೆಡ್ ಅಂತಲೋ 4 ಅನ್ನೋ ನಂಬರೋ ಇರತ್ತಲ್ಲ ಅದು, ತುದಿಗಳನ್ನ ಒಳಗೆ ಸೇರಿಸೋಕೆ ಮೊಂಡು ಮೂತಿಯ ದೊಡ್ಡ ಕಣ್ಣಿನ ಒಂದು ಸೂಜಿ, ಇನ್ನು ಕತ್ತರಿ ಮತ್ತೆ ಟೇಪು ಮನೇಲಿ ಇದ್ದೇ ಇರತ್ತೆ. ಸೂಜಿ ಚೂಪಾಗಿರಬಾರದು ಅನ್ನೋದು ಮಾತ್ರ ನೆನಪಿರಲಿ, ಚೂಪು ಸೂಜಿ ದಾರದ ಎಳೆಗಳ ನಡುವೆ ತೂರಿ ಅದನ್ನ ಸೀಳತ್ತೆ, ಮೊಂಡು ಸೂಜಿ ಆದ್ರೆ ಸ್ಟಿಚ್ಚಿನ ಸಂದಿ ಹುಡುಕ್ಕೊಂಡು ಹೋಗತ್ತೆ. ಈ ಸಾಮಾನಿಟ್ಕೊಂಡು ಕಡ್ಡಿ ಮೇಲೆ 30 ಸ್ಟಿಚ್, ಅಂದ್ರೆ ಕುಣಿಕೆ, ಹಾಕಿ, ಎರಡೂ ಕಡೆ ಬರೀ ಸೀದಾ ಹೊಲಿಗೆ (ನಿಟ್) ಹೆಣೀತಾ ಹೋದ್ರೆ ಸುಮಾರು 16-17 ಸೆಂ.ಮೀ. ಅಗಲದ ಮಫ್ಲರ್ ಆಗತ್ತೆ, 100 ಗ್ರಾಮಿನ ಎರಡು ಉಂಡೆ ಇದ್ರೆ ದೊಡ್ಡೋರಿಗೆ ಸಾಕಾಗುವಷ್ಟು ಉದ್ದ ಬರತ್ತೆ. ಬೇರೆ ಸಾಮಾನು ಬೇಕಾ ಬೇಡ್ವಾ ಅನ್ನೋದು ಆಮೇಲೆ ನೀವು ಏನು ಹೆಣಿಯೋಕೆ ಹೊರಡ್ತೀರಿ ಅನ್ನೋದ್ರ ಮೇಲಿರತ್ತೆ. ಸಾಕ್ಸ್ ಹೆಣಿಯೋರಿಗೆ ಬೇಕಾಗಿದ್ದು ಶಾಲ್ ಹೆಣಿಯೋರಿಗೆ ಬೇಡ.

ಪ್ರಶ್ನೆ: ಪ್ಯಾಟರ್ನಲ್ಲಿ 8ನೇ ನಂಬರ್ ಕಡ್ಡಿ ಅಂತ ಬರೆದಿತ್ತು, ನಾನು 8 ಅಂತ ಕೇಳಿನೇ ತಂದೆ. ಟೋಪಿ ಹೆಣೆದ್ರೆ ಮಗುವಿಗೆ ಆಗೋ ಸೈಜ್ ಬಂತು! ನನ್ನ ಕೈಯೇ ಬಿಗೀನಾ ಅಥವಾ ಕಡ್ಡಿ ತಪ್ಪಾ?

ಉತ್ತರ: ಕಡ್ಡಿದೇ ಇರ್ಬೇಕು. ಈ ನಂಬರಿನ ಗೋಜಲು ಹೊಸಬರನ್ನ ಮಾತ್ರ ಅಲ್ಲ ಹಳಬರನ್ನೂ ಬಿಡಲ್ಲ. ಅಮೆರಿಕದ ಲೆಕ್ಕದಲ್ಲಿ 8 ಅಂದ್ರೆ 5 ಎಂಎಂ, ಬ್ರಿಟನ್ನಿನ ಹಳೇ ಲೆಕ್ಕದಲ್ಲಿ 8 ಅಂದ್ರೆ 4 ಎಂಎಂ, ಜಪಾನಿನ ಲೆಕ್ಕದಲ್ಲಿ 4.5 ಎಂಎಂ. ಸಾಲದು ಅಂತ ಅಮೆರಿಕದಲ್ಲಿ ನಂಬರ್ ಹೆಚ್ಚಾದಂಗೆ ಕಡ್ಡಿ ದಪ್ಪ ಆಗತ್ತೆ, ಬ್ರಿಟನ್ನಿನ ಹಳೇ ಕ್ರಮದಲ್ಲಿ ನಂಬರ್ ಹೆಚ್ಚಾದಂಗೆ ಕಡ್ಡಿ ಸಣ್ಣ ಆಗತ್ತೆ, ಬ್ರಿಟನ್ನಲ್ಲಿ 10 ಅಂದ್ರೆ 3.25 ಎಂಎಂ, ಅಮೆರಿಕದಲ್ಲಿ 10 ಅಂದ್ರೆ 6 ಎಂಎಂ, ಹೆಚ್ಚುಕಮ್ಮಿ ಎರಡು ಪಟ್ಟು. ಎರಡೂ ಕಡೆ ಒಂದೇ ಆಗಿರೋದು 7 ಮಾತ್ರ, ಅದು 4.5 ಎಂಎಂ.

ಅದಕ್ಕೇ ನಂಬರ್ ಮರೆತುಬಿಡಿ, ಎಂಎಂ ಕೇಳಿ. ಪ್ಯಾಟರ್ನಲ್ಲಿ ಬರೀ ನಂಬರ್ ಇದ್ರೆ ಅದು ಯಾವ ದೇಶದ್ದು ಅಂತ ನೋಡಿ ಎಂಎಂಗೆ ಬದಲಾಯಿಸ್ಕೊಂಡು ಪಕ್ಕದಲ್ಲಿ ಪೆನ್ಸಿಲಲ್ಲಿ ಬರ್ಕೊಳ್ಳಿ. ಮನೇಲಿ ಹಳೇ ಕಾಲದ, ನಂಬರ್ ಅಳಿಸಿಹೋಗಿರೋ ಕಡ್ಡಿಗಳಿದ್ರೆ ತೂತು ತೂತಿರೋ ಒಂದು ಪಟ್ಟಿ ಸಿಗತ್ತೆ, ನೀಡಲ್ ಗೇಜ್ ಅಂತ, ಅದ್ರಲ್ಲಿ ಕಡ್ಡಿಯನ್ನ ತೂರಿಸಿ ನೋಡ್ಬೇಕು, ಒತ್ತಾಯ ಮಾಡದೆ ಸಲೀಸಾಗಿ ಹೋಗೋ ತೂತುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವ್ದೋ ಅದೇ ಅದ್ರ ಸೈಜು. ನಾನು ಕೊಂಡ್ಕೊಳ್ಳಿ ಅಂತ ಹೇಳೋ ಬಿಡಿ ಸಾಮಾನು ಅಂದ್ರೆ ಇದೊಂದೇ, ಅದೂ ಹಳೇ ಕಡ್ಡಿ ಇರೋರಿಗೆ ಮಾತ್ರ.

ಪ್ರಶ್ನೆ: ಅಕ್ಕಾ, ನಾನು ಆಸೆಪಟ್ಟು ಕಡುನೀಲಿ ಬಣ್ಣದ ತುಪ್ಪಳ ತುಪ್ಪಳ ಇರೋ ಉಲ್ಲನ್ ತಂದಿದೀನಿ, ಮುಟ್ಟಿದ್ರೆ ಅಷ್ಟು ಚೆನ್ನಾಗಿದೆ. ಆದ್ರೆ ಹೆಣೆಯೋಕೆ ಕೂತ್ರೆ ಸ್ಟಿಚ್ ಎಲ್ಲಿದೆ ಅಂತಾನೇ ಕಾಣಲ್ಲ, ತಪ್ಪಾದ್ರೆ ಬಿಚ್ಚೋಕೂ ಬರ್ತಿಲ್ಲ, ಗಂಟು ಗಂಟಾಗಿ ಕೂತ್ಬಿಡತ್ತೆ. ಏನ್ ಮಾಡ್ಲಿ? ಯಾವ ಉಲ್ಲನ್ ತಗೋಬೇಕಿತ್ತು?

ಉತ್ತರ: ಅದನ್ನ ಎತ್ತಿಡಿ ತಂಗೀ, ಬಿಸಾಕ್ಬೇಡಿ, ಕೈ ಕುದುರಿದ ಮೇಲೆ ಅದ್ರಲ್ಲೇ ಚೆಂದದ ಶಾಲ್ ಮಾಡ್ಬಹುದು. ಈಗ ಮಾತ್ರ ಅದು ನಿಮಗೆ ಶತ್ರು. ಕಲಿಯೋರು ದಿನಕ್ಕೆ ಹತ್ತು ಸಲ ಬಿಚ್ತಾರೆ, ಬಿಚ್ಚಲೇಬೇಕು, ಆ ತುಪ್ಪಳದ ದಾರದಲ್ಲಿ ಪಕ್ಕಪಕ್ಕದ ಕೂದಲೆಲ್ಲಾ ಒಂದಕ್ಕೊಂದು ಹೆಣ್ಕೊಂಡಿರತ್ತೆ, ಎಳೆದಷ್ಟೂ ಬಿಗಿಯಾಗತ್ತೆ. ಕಡುಬಣ್ಣದಲ್ಲಿ ಕುಣಿಕೆಯ ನೆರಳು ಕಾಣಲ್ಲ, ಕುಣಿಕೆ ಕಾಣದೆ ಇದ್ರೆ ಕಡ್ಡಿ ಎಲ್ಲಿ ಚುಚ್ತೀರಿ? ಹಂಗಾಗಿ ಕಲಿಯೋಕೆ ತಿಳಿ ಬಣ್ಣದ, ಒಂದೇ ಬಣ್ಣದ, ನುಣ್ಣಗೆ ದುಂಡಗೆ ಹುರಿಹಾಕಿರೋ ದಾರ ತಗೊಳ್ಳಿ. ಕ್ರೀಮು, ತಿಳಿ ಹಳದಿ, ತಿಳಿ ಹಸಿರು, ಯಾವುದಾದ್ರೂ. ಬಣ್ಣ ಬದಲಾಗ್ತಾ ಹೋಗೋ ದಾರ ಉಂಡೆಯಲ್ಲಿ ಸೂಪರ್ ಆಗಿ ಕಾಣತ್ತೆ, ಆದ್ರೆ ಕಣ್ಣಿಗೆ ಮೋಸ ಮಾಡತ್ತೆ.

ಯಾವ ನಾರು ಅಂತ ಕೇಳಿದ್ರೆ ನನ್ನ ಓಟು ಕುರಿ ಉಣ್ಣೆಗೇ, ಅದಕ್ಕೆ ಹಿಗ್ಗಿ ಮತ್ತೆ ಕುಗ್ಗೋ ಗುಣ ಇದೆ, ನೀವು ಒಂದು ಸ್ಟಿಚ್ ಬಿಗಿ ಒಂದು ಸಡಿಲ ಹಾಕಿದ್ರೂ ಒಗೆದು ಒಣಗಿಸಿದ ಮೇಲೆ ತಾನೇ ಒಂದು ಹದಕ್ಕೆ ಬರತ್ತೆ. ಬಿಸಿನೀರಲ್ಲಿ ಹಾಕಿ ಉಜ್ಜಿದ್ರೆ ಮಾತ್ರ ಕುಗ್ಗಿ ಕಂಬಳಿ ಥರ ಗಟ್ಟಿಯಾಗ್ಬಿಡತ್ತೆ, ಲೇಬಲ್ ಮೇಲೆ ಸೂಪರ್‌ವಾಶ್ ಅಂತ ಇದ್ರೆ ಆ ಭಯ ಕಮ್ಮಿ. ಉಣ್ಣೆ ಮೈಗೆ ಚುಚ್ಚತ್ತೆ ಅನ್ನೋರು ಅಕ್ರಿಲಿಕ್ ತಗೊಳ್ಳಿ, ಅಗ್ಗ, ಮಷೀನಿಗೂ ಹಾಕ್ಬಹುದು, ಕಲಿಯೋಕೆ ಏನೂ ತೊಂದರೆ ಇಲ್ಲ, ಅದ್ರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ ಅಷ್ಟೇ, ಅದು ಪ್ಲಾಸ್ಟಿಕ್ ಜಾತಿ, ಶಾಖಕ್ಕೆ ಸತ್ತು ಜೋತುಬೀಳತ್ತೆ, ಆಮೇಲೆ ಏನ್ ಮಾಡಿದ್ರೂ ಮೊದಲಿನಂಗೆ ಆಗಲ್ಲ. ಹತ್ತಿ ದಾರ ಮೊದಲನೇ ಸಲಕ್ಕೆ ಬೇಡ. ಅದಕ್ಕೆ ಎಳೆತ ಇಲ್ಲ, ಬೆರಳು ಬೇಗ ನೋಯತ್ತೆ, ಬಿಗಿ ಸಡಿಲ ಎಲ್ಲಾ ಎದ್ದು ಕಾಣತ್ತೆ.

ಇನ್ನು ಪ್ಲೈ. 4 ಪ್ಲೈ ಅಂದ್ರೆ ಸಣ್ಣದು, 8 ಪ್ಲೈ ಅಂದ್ರೆ ಡಿಕೆ (ಡಬಲ್ ನಿಟ್ಟಿಂಗ್, ವರ್ಸ್ಟೆಡ್‌ಗಿಂತ ಒಂಚೂರು ಸಣ್ಣದು), 10 ಪ್ಲೈ ಅಂದ್ರೆ ಹೆಚ್ಚುಕಮ್ಮಿ ವರ್ಸ್ಟೆಡ್, 12 ಪ್ಲೈ ಅಂದ್ರೆ ದಪ್ಪದ್ದು, ಹಿಂಗೆ ಒಂದು ಲೆಕ್ಕ ಇದೆ. ಆದ್ರೆ ಪ್ಲೈ ಅನ್ನೋದು ನಿಜವಾಗಿ ಎಷ್ಟು ಎಳೆ ಸೇರಿಸಿ ಹುರಿಮಾಡಿದ್ದಾರೆ ಅನ್ನೋದು, ಒಂದೇ ಎಳೆಯ ದಪ್ಪ ದಾರವೂ ಇರತ್ತೆ, ಎಂಟು ಎಳೆಯ ಸಣ್ಣ ದಾರವೂ ಇರತ್ತೆ, ಅದಕ್ಕೇ ಪ್ಲೈ ಒಂದನ್ನೇ ನಂಬಬೇಡಿ, ಲೇಬಲ್ ಮೇಲೆ ಕಡ್ಡಿಯ ಚಿತ್ರದ ಪಕ್ಕ ಎಷ್ಟು ಎಂಎಂ ಅಂತ ಇರತ್ತಲ್ಲ ಅದನ್ನ ನೋಡಿ. 4 ಎಂಎಂ ಆಸುಪಾಸು ಇದ್ರೆ ಡಿಕೆ, 5 ಎಂಎಂ ಆಸುಪಾಸು ಇದ್ರೆ ವರ್ಸ್ಟೆಡ್. ಗ್ರಾಂ ಜೊತೆ ಮೀಟರೂ ನೋಡಿ, 100 ಗ್ರಾಂ ಅಂತ ಎರಡು ಉಂಡೆ ಮೇಲೂ ಇದ್ರೂ ಒಂದ್ರಲ್ಲಿ 200 ಮೀಟರ್ ಇರತ್ತೆ ಇನ್ನೊಂದ್ರಲ್ಲಿ 120, ಪ್ಯಾಟರ್ನಿಗೆ ಬೇಕಾಗೋದು ಉದ್ದ.

ಲೇಬಲ್ ಮೇಲೆ ಡೈ ಲಾಟ್ ಅಂತ ಇನ್ನೊಂದು ನಂಬರ್ ಇರತ್ತೆ, ಒಂದೇ ಸಲ ಬಣ್ಣ ಹಾಕಿದ ದಾರಕ್ಕೆಲ್ಲಾ ಒಂದೇ ನಂಬರ್. ಬಣ್ಣದ ಹೆಸರು ಒಂದೇ ಆದ್ರೂ ಲಾಟ್ ಬೇರೆ ಆದ್ರೆ ಉಂಡೆಯಲ್ಲಿ ಗೊತ್ತಾಗದ ವ್ಯತ್ಯಾಸ ಸ್ವೆಟರ್ ಮೇಲೆ ಅಡ್ಡ ಪಟ್ಟೆ ಹೊಡೆದಂಗೆ ಕಾಣತ್ತೆ. ಬೇಕಾದಷ್ಟೂ ಒಂದೇ ಲಾಟಿಂದ, ಒಂದು ಉಂಡೆ ಜಾಸ್ತಿನೇ ತಗೊಂಡ್ಬಿಡಿ.

ಪ್ರಶ್ನೆ: ಬಿದಿರು ಕಡ್ಡಿ ಒಳ್ಳೇದಾ, ಸ್ಟೀಲ್ ಒಳ್ಳೇದಾ?

ಉತ್ತರ: ಕಲಿಯೋರಿಗೆ ಬಿದಿರು ಇಲ್ಲಾ ಮರ. ದಾರ ಅದನ್ನ ಸ್ವಲ್ಪ ಹಿಡ್ಕೊಳತ್ತೆ, ಕಡ್ಡಿ ಜಾರಿ ಕೆಳಗೆ ಬಿದ್ದು ಹತ್ತು ಸ್ಟಿಚ್ ಒಟ್ಟಿಗೆ ಹೋಗೋ ದುಃಖ ಇರಲ್ಲ. ಕೈ ಬಿಗಿ ಇರೋರಿಗೆ ಮಾತ್ರ ಬಿದಿರು ಕಷ್ಟ, ಸ್ಟಿಚ್ ಮುಂದಕ್ಕೆ ತಳ್ಳೋಕೇ ಹೋರಾಡ್ಬೇಕು, ಅಂಥೋರಿಗೆ ಸ್ಟೀಲೋ ಅಲ್ಯುಮಿನಿಯಮ್ಮೋ ಸರಿ. ಯಾವುದೇ ಆಗ್ಲಿ ತುದಿಯನ್ನ ಬೆರಳಲ್ಲಿ ಸವರಿ ನೋಡಿ ತಗೊಳ್ಳಿ.

ಪ್ರಶ್ನೆ: ನಾನು ನಿವೃತ್ತಿ ಆದ್ಮೇಲೆ ಹೆಣಿಗೆ ಶುರು ಮಾಡಿದೋನು. ಉದ್ದ ಕಡ್ಡಿ ಹಿಡಿದು ಅರ್ಧ ಗಂಟೆ ಕೂತ್ರೆ ಮಣಿಕಟ್ಟು ನೋವು. ನಡುವೆ ವೈರ್ ಇರೋ ಸರ್ಕ್ಯುಲರ್ ಕಡ್ಡಿ ತಗೊಳ್ಳಿ ಅಂತ ಒಬ್ರು ಹೇಳಿದ್ರು, ಅದು ದುಂಡಗೆ ಹೆಣಿಯೋಕೆ ಅಲ್ವಾ? ನಂಗೆ ಬೇಕಾಗಿರೋದು ಸೀದಾ ಸಾದಾ ಚಪ್ಪಟೆ ಮಫ್ಲರ್.

ಉತ್ತರ: ಸರ್, ಹೇಳಿದೋರು ಸರಿಯಾಗೇ ಹೇಳಿದಾರೆ. ಸರ್ಕ್ಯುಲರ್ ಕಡ್ಡಿಯಲ್ಲಿ ದುಂಡಗೂ ಹೆಣೀಬಹುದು ಚಪ್ಪಟೆಯಾಗೂ ಹೆಣೀಬಹುದು, ಒಂದು ಸಾಲು ಮುಗಿದ ಮೇಲೆ ತುದಿಗಳನ್ನ ಜೋಡಿಸೋ ಬದಲು ಹೆಣಿಗೆಯನ್ನ ತಿರುಗಿಸಿ ಎಡಗೈ ಬಲಗೈ ಕಡ್ಡಿ ಅದಲು ಬದಲು ಮಾಡ್ಕೊಂಡು ವಾಪಸ್ ಬಂದ್ರೆ ಆಯ್ತು, ಉದ್ದ ಕಡ್ಡಿಯಲ್ಲಿ ಮಾಡೋದೂ ಅದನ್ನೇ ತಾನೆ. ವ್ಯತ್ಯಾಸ ಏನಪ್ಪಾ ಅಂದ್ರೆ ಉದ್ದ ಕಡ್ಡಿಯಲ್ಲಿ ಹೆಣೆದಿದ್ದೆಲ್ಲಾ ಕಡ್ಡಿಯ ಮೇಲೇ ನೇತಾಡತ್ತೆ, ಆ ಭಾರ ಪೂರ್ತಿ ನಿಮ್ಮ ಮಣಿಕಟ್ಟು ಹೊರಬೇಕು, ಸರ್ಕ್ಯುಲರ್‌ನಲ್ಲಿ ಸ್ಟಿಚ್ಚುಗಳು ವೈರ್ ಮೇಲೆ ಸರಿದು ಭಾರ ತೊಡೆ ಮೇಲೆ ಕೂರತ್ತೆ. ಮೊಣಕೈ ಆಚೀಚೆ ಚಾಚೋದೂ ಬೇಡ, ಕುರ್ಚಿಯ ಕೈ ಅಡ್ಡ ಬರಲ್ಲ, ಒಂದು ಕಡ್ಡಿ ಸೋಫಾ ಸಂದಿಯಲ್ಲಿ ಕಳೆದುಹೋಗೋ ಪ್ರಶ್ನೆನೂ ಇಲ್ಲ. ಮೇಲೆ ಒಂದು ಜೊತೆ ಕಡ್ಡಿ ಅಂದೆನಲ್ಲ, ನನ್ನ ಕೇಳಿದ್ರೆ ಹೊಸಬರೂ ಅದ್ರ ಬದಲು ನೇರವಾಗಿ ಇದರಲ್ಲೇ ಶುರು ಮಾಡೋದು ವಾಸಿ, 80 ಸೆಂ.ಮೀ. ಉದ್ದದ್ದು ಒಂದಿದ್ರೆ ಮಫ್ಲರಿಂದ ಸ್ವೆಟರ್ ತನಕ ಬರತ್ತೆ. ಟೋಪಿ ದುಂಡಗೆ ಹೆಣಿಯೋಕೆ ಮಾತ್ರ 40 ಸೆಂ.ಮೀ. ಬೇಕು, ಯಾಕಂದ್ರೆ ತಲೆಯ ಸುತ್ತಳತೆಗಿಂತ ಕಡ್ಡಿ ಉದ್ದ ಇದ್ರೆ ಸ್ಟಿಚ್ಚು ಎಳೆದು ಸುತ್ತು ಮುಟ್ಟಿಸೋಕೆ ಆಗಲ್ಲ.

ತಗೊಳ್ಳೋವಾಗ ಒಂದೇ ಪರೀಕ್ಷೆ, ಕಡ್ಡಿ ಮತ್ತೆ ವೈರ್ ಸೇರೋ ಜಾಗದಲ್ಲಿ ಉಗುರು ಎಳೆದು ನೋಡಿ, ಮೆಟ್ಟಿಲಿನಂಗೆ ತಗುಲಿದ್ರೆ ಬೇಡ, ಪ್ರತಿ ಸಾಲಲ್ಲೂ ಪ್ರತಿ ಸ್ಟಿಚ್ಚೂ ಅಲ್ಲೇ ಸಿಕ್ಕಾಕೊಳತ್ತೆ. ವೈರ್ ಸುರುಳಿ ಸುತ್ಕೊಂಡು ಹಟ ಮಾಡಿದ್ರೆ ವೈರಿನ ಭಾಗವನ್ನ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ನೇರ ಹಿಡಿದು ಆರೋಕೆ ಬಿಡಿ, ಸರಿಹೋಗತ್ತೆ. ಅಂದ ಹಾಗೆ ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ, ಇಷ್ಟೆಲ್ಲಾ ಮಾಡಿಯೂ ನೋವು ಹೋಗದೆ ಇದ್ರೆ ಡಾಕ್ಟರಿಗೆ ತೋರಿಸಿ, ಎಲ್ಲಾನೂ ಕಡ್ಡಿ ಮೇಲೆ ಹಾಕೋದು ಬೇಡ.

ಪ್ರಶ್ನೆ: ಪ್ಯಾಟರ್ನಲ್ಲಿ ಹೇಳಿದ ಉಲ್ಲನ್ನೇ, ಹೇಳಿದ ಎಂಎಂ ಕಡ್ಡಿನೇ, ಒಂದು ಸ್ಟಿಚ್ಚೂ ಹೆಚ್ಚುಕಮ್ಮಿ ಇಲ್ಲ, ಆದ್ರೂ ಸ್ವೆಟರ್ ಬಿಗಿ ಆಯ್ತು. ಸ್ಯಾಂಪಲ್ ಹೆಣೆದು ನೋಡ್ಬೇಕಿತ್ತು ಅಂತಾರೆ, ಅದು ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಉತ್ತರ: ಸ್ವೆಟರ್ ಪೂರ್ತಿ ಹೆಣೆದು ಬಿಚ್ಚೋದಕ್ಕಿಂತ ವೇಸ್ಟಾ? ಲೆಕ್ಕ ಹಾಕೋಣ. ಪ್ಯಾಟರ್ನ್ ಹೇಳೋದು 10 ಸೆಂ.ಮೀ.ಗೆ 20 ಸ್ಟಿಚ್, ಎದೆ ಸುತ್ತಳತೆ 100 ಸೆಂ.ಮೀ., ಒಟ್ಟು 200 ಸ್ಟಿಚ್. ನಿಮ್ಮ ಕೈ ಒಂಚೂರು ಬಿಗಿ, 10 ಸೆಂ.ಮೀ.ಗೆ 22 ಬೀಳತ್ತೆ ಅಂತ ಇಟ್ಕೊಳ್ಳಿ. ಅದೇ 200 ಸ್ಟಿಚ್ ಈಗ 91 ಸೆಂ.ಮೀ. ಆಯ್ತು. ಬರೀ ಎರಡು ಸ್ಟಿಚ್ಚಿನ ವ್ಯತ್ಯಾಸಕ್ಕೆ 9 ಸೆಂ.ಮೀ. ಹೋಯ್ತು, ಸ್ವೆಟರ್ ತಮ್ಮನ ಪಾಲಿಗೆ ಹೋಯ್ತು.

ಸ್ಯಾಂಪಲ್ ಅಂಗೈ ಅಗಲ ಮಾಡಿದ್ರೆ ಸಾಲದು, 15 ಸೆಂ.ಮೀ. ಚೌಕ ಹೆಣೀರಿ, ಸ್ವೆಟರನ್ನ ಹೆಂಗೆ ಒಗೀತೀರೋ ಹಂಗೇ ಅದನ್ನೂ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಣಿಸಿ. ಅಳೆಯೋವಾಗ ಎಳೀಬಾರದು, ಬೇಕಾದ ಉತ್ತರ ಬರೋ ತನಕ ಟೇಪು ಜಗ್ಗೋರು ತುಂಬ ಜನ ಇದಾರೆ. ಸ್ಟಿಚ್ ಜಾಸ್ತಿ ಬಂದ್ರೆ ಅರ್ಧ ಎಂಎಂ ದಪ್ಪ ಕಡ್ಡಿ, ಕಮ್ಮಿ ಬಂದ್ರೆ ಅರ್ಧ ಎಂಎಂ ಸಣ್ಣ ಕಡ್ಡಿ. ಎರಡನೇ ಜೊತೆ ಕಡ್ಡಿ ಕೊಳ್ಳೋದು ಇದಕ್ಕೇ ಆಗ್ಲಿ. ಟೇಪೂ ಹಳೇದಾಗಿ ಹಿಗ್ಗಿರತ್ತೆ, ಒಂದು ಸಲ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಮಫ್ಲರಿಗೆ ಇಷ್ಟೆಲ್ಲಾ ಬೇಕಾಗಿಲ್ಲ, ಎರಡು ಸೆಂ.ಮೀ. ಆಚೀಚೆ ಆದ್ರೆ ಕುತ್ತಿಗೆ ಏನೂ ಕೇಳಲ್ಲ.

ಪ್ರಶ್ನೆ: ಮಾರ್ಕರು, ರೋ ಕೌಂಟರು, ಸ್ಟಿಚ್ ಹೋಲ್ಡರು, ತುದಿಗೆ ಹಾಕೋ ಕ್ಯಾಪು ಇವೆಲ್ಲಾ ಬೇಕೇ ಬೇಕಾ? ಇನ್ನೊಂದು, ನಂದು 30 ಸ್ಟಿಚ್ ಇದ್ದಿದ್ದು ಈಗ 37 ಆಗಿದೆ, ಮಾರ್ಕರ್ ಹಾಕಿದ್ರೆ ಸರಿಹೋಗತ್ತಾ?

ಉತ್ತರ: ಕೆಲಸ ಬೇಕು, ಸಾಮಾನು ಬೇಡ. ಜಾಗ ಗುರುತಿಡೋ ಮಾರ್ಕರಿಗೆ ಬೇರೆ ಬಣ್ಣದ ದಾರದ ಚಿಕ್ಕ ಕುಣಿಕೆ ಸಾಕು, ಸಾಲು ಎಣಿಸೋ ರೋ ಕೌಂಟರಿಗೆ ಕಾಗದದ ಮೇಲೆ ಗೀಟು, ಸ್ಟಿಚ್ ಬಿಚ್ಚದಂಗೆ ಹಿಡಿದಿಡೋ ಹೋಲ್ಡರಿಗೆ ಸೂಜಿಯಲ್ಲಿ ಒಂದು ತುಂಡು ದಾರ ಪೋಣಿಸಿ ಸ್ಟಿಚ್ಚುಗಳನ್ನ ಅದಕ್ಕೆ ದಾಟಿಸಿ ಗಂಟು ಹಾಕಿದ್ರೆ ಆಯ್ತು, ತುದಿಗೆ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು. ಸೇಫ್ಟಿ ಪಿನ್ ಮಾರ್ಕರ್ ಥರ ಬಳಸೋದಾದ್ರೆ ಹುಷಾರು, ಅದ್ರ ಬುಡದ ಸುರುಳಿಯಲ್ಲಿ ದಾರ ಸಿಕ್ಕಿ ಹರಿಯತ್ತೆ.

37ರ ವಿಷಯಕ್ಕೆ ಮಾರ್ಕರ್ ಏನೂ ಮಾಡಲ್ಲ. ಸಾಲಿನ ಶುರುವಲ್ಲಿ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿರತ್ತೆ ನೋಡಿ, ಆಗ ಮೊದಲನೇ ಸ್ಟಿಚ್ ಮೇಲಕ್ಕೆ ಎಳೆದು ಅದ್ರ ಎರಡು ಕಾಲು ಎರಡು ಸ್ಟಿಚ್ಚಿನಂಗೆ ಕಾಣತ್ತೆ, ನೀವು ಎರಡನ್ನೂ ಹೆಣೀತೀರಿ, ಸಾಲಿಗೊಂದು ಬೆಳೀತಾ ಹೋಗತ್ತೆ. ಹೆಣಿಗೆ ತಿರುಗಿಸಿದ ತಕ್ಷಣ ದಾರವನ್ನ ಮುಂದೆ ಕೆಳಕ್ಕೆ ಎಳ್ಕೊಂಡು, ಕಡ್ಡಿಯ ಕೆಳಗಿಂದಲೇ ಹಿಂದಕ್ಕೆ ತಗೊಂಡ್ಹೋಗಿ ಶುರು ಮಾಡಿ. ಒಂದಷ್ಟು ದಿನ ಪ್ರತಿ ಸಾಲಿಗೂ ಎಣಿಸಿ, ಬೋರಾದ್ರೂ ಎಣಿಸಿ.

ಪ್ರಶ್ನೆ: ಒಂದು ಸ್ಟಿಚ್ ಬಿಟ್ಟುಹೋಗಿ ನಾಲ್ಕು ಸಾಲು ಕೆಳಗೆ ಏಣಿ ಥರ ಇಳಿದಿದೆ. ಪೂರ್ತಿ ಬಿಚ್ಬೇಕಾ?

ಉತ್ತರ: ಬೇಡ ಬೇಡ, ತುದಿಯಲ್ಲಿ ಕೊಕ್ಕೆ ಇರೋ ಒಂದು ಕ್ರೋಶಾ ಕಡ್ಡಿ ಹಿಡ್ಕೊಳ್ಳಿ, ನಿಮ್ಮ ಹೆಣಿಗೆ ಕಡ್ಡಿಗಿಂತ ಒಂಚೂರು ಸಣ್ಣದು. ಬಿಟ್ಟುಹೋದ ಕುಣಿಕೆಗೆ ಮೊದಲು ಒಂದು ಪಿನ್ ಹಾಕಿ ಇನ್ನೂ ಇಳಿಯದಂಗೆ ನಿಲ್ಲಿಸಿ, ಆಮೇಲೆ ಉಸಿರಾಡಿ. ಸೀದಾ ಹೊಲಿಗೆ ಕಾಣೋ ಕಡೆ ನಿಮ್ಮ ಮುಂದಿರಲಿ. ಕ್ರೋಶಾ ಕಡ್ಡಿಯನ್ನ ಮುಂದಿನಿಂದ ಕುಣಿಕೆಯೊಳಗೆ ತೂರಿಸಿ, ಅದ್ರ ಹಿಂದೆ ಏಣಿಯ ಮೆಟ್ಟಿಲುಗಳ ಥರ ಅಡ್ಡ ದಾರಗಳು ಕಾಣ್ತಾವಲ್ಲ, ಎಲ್ಲಕ್ಕಿಂತ ಕೆಳಗಿರೋದನ್ನ ಕೊಕ್ಕೆಗೆ ಸಿಗಿಸಿ ಕುಣಿಕೆಯ ಮೂಲಕ ಹೊರಗೆ ಎಳ್ಕೊಳ್ಳಿ, ಅದೇ ಹೊಸ ಕುಣಿಕೆ. ಮತ್ತೆ ಮೇಲಿಂದು, ಮತ್ತೆ ಮೇಲಿಂದು, ಯಾವುದನ್ನೂ ಹಾರಿಸಬೇಡಿ. ಮೇಲೆ ಬಂದ ಕುಣಿಕೆಯನ್ನ ಎಡಗೈ ಕಡ್ಡಿಗೆ ಹಾಕೋವಾಗ ಅದ್ರ ಬಲಗಾಲು ಕಡ್ಡಿಯ ಮುಂದಿರಲಿ, ತಿರುಚಿ ಕೂರಬಾರದು. ನೋಡೋಕೆ ಆ ಗೆರೆ ಸ್ವಲ್ಪ ಬಿಗಿ ಅನ್ನಿಸತ್ತೆ, ಒಗೆದ ಮೇಲೆ ಹೊಂದ್ಕೊಳತ್ತೆ. ಇದು ಒಂದು ಕಡೆ ಸೀದಾ ಒಂದು ಕಡೆ ಉಲ್ಟಾ (ಪರ್ಲ್) ಹೆಣೆದಿರೋದಕ್ಕೆ ಮಾತ್ರ, ಎರಡೂ ಕಡೆ ಸೀದಾನೇ ಹೆಣೆದಿರೋ ಮಫ್ಲರ್ ಆದ್ರೆ ಒಂದು ಮೆಟ್ಟಿಲು ಮುಂದಿನಿಂದ ಇನ್ನೊಂದು ಹಿಂದಿನಿಂದ ಎತ್ತಬೇಕಾಗತ್ತೆ.

ಪ್ರಶ್ನೆ: ನಾನು ಎಡಚಿ. ಬೇರೆ ಕಡ್ಡಿ ಬೇಕಾ?

ಉತ್ತರ: ಬೇಡ, ಕಡ್ಡಿಗೆ ಎಡ ಬಲ ಇಲ್ಲ. ಹೆಣಿಗೆಯಲ್ಲಿ ಎರಡು ಕೈಗೂ ಸಮ ಕೆಲಸ, ಎಲ್ಲರಂಗೇ ಕಲ್ತು ನೋಡಿ, ದಾರವನ್ನ ಎಡಗೈಯಲ್ಲಿ ಹಿಡಿಯೋ ಕಾಂಟಿನೆಂಟಲ್ ಪದ್ಧತಿ ನಿಮಗೆ ಸುಲಭ ಆಗಬಹುದು. ಪೂರ್ತಿ ಕನ್ನಡಿಯ ಥರ ಉಲ್ಟಾ ಹೆಣೀಬಹುದು, ಆದ್ರೆ ಆಗ ಪ್ರತಿ ಪ್ಯಾಟರ್ನನ್ನೂ ತಲೆಯಲ್ಲೇ ತಿರುಗಿಸ್ಕೋಬೇಕು.

ಪ್ರಶ್ನೆ: ಅರ್ಧ ಹೆಣೆದಿದ್ದನ್ನ ತಿಂಗಳುಗಟ್ಟಲೆ ಎತ್ತಿಟ್ರೆ ಹಾಳಾಗತ್ತಾ?

ಉತ್ತರ: ಉಣ್ಣೆ ಆದ್ರೆ ನುಸಿಹುಳದ ಭಯ, ಅಕ್ರಿಲಿಕ್ಕಿಗೆ ಅದು ಬರಲ್ಲ. ಬೆವರು ಜಿಡ್ಡು ಅಂಟಿರೋ ಉಣ್ಣೆ ಅಂದ್ರೆ ಹುಳಕ್ಕೆ ಪ್ರಾಣ, ಹಂಗಾಗಿ ಜಿಪ್ ಇರೋ ಚೀಲದಲ್ಲಿ ಹಾಕಿ, ಆಗಾಗ ತೆಗೆದು ಕೊಡವಿ ನೋಡಿ. ಎತ್ತಿಡೋವಾಗ ಸಾಲಿನ ಮಧ್ಯದಲ್ಲಿ ನಿಲ್ಲಿಸಬೇಡಿ, ಯಾವ ದಿಕ್ಕಿಗೆ ಹೋಗ್ತಿದ್ರಿ ಅಂತ ಮರೆತುಹೋಗತ್ತೆ. ತುಂಬಾ ದಿನ ಆಗೋ ಹಂಗಿದ್ರೆ ಸ್ಟಿಚ್ಚುಗಳನ್ನ ಒಂದು ತುಂಡು ದಾರಕ್ಕೆ ದಾಟಿಸಿ ಕಡ್ಡಿ ಬಿಡಿಸ್ಕೊಳ್ಳಿ, ಇಲ್ಲಾಂದ್ರೆ ಕಡ್ಡಿ ಇದ್ದಲ್ಲಿ ಆ ಸಾಲು ಹಿಗ್ಗಿ ಗೆರೆ ಕಾಣತ್ತೆ. ಉಂಡೆಯ ಲೇಬಲ್, ಎಷ್ಟು ಎಂಎಂ ಕಡ್ಡಿ, ಎಷ್ಟನೇ ಸಾಲು ಅಂತ ಬರೆದ ಚೀಟಿ ಅದೇ ಚೀಲದೊಳಗೆ ಇರಲಿ, ಲಾಟ್ ನಂಬರ್ ಇಲ್ಲದೆ ಅದೇ ಬಣ್ಣ ಹುಡುಕೋದು ಆಗದ ಮಾತು.